ಅತ್ತೆಯ ರಿವಾಲ್ವರಿಗೆ ಕುಂಕುಮ

ನನ್ನ ಅತ್ತೆಯವರ ಕೈಚೀಲದಲ್ಲಿ ಎರಡು ವಸ್ತುಗಳು ಸದಾ ಇರುತ್ತಿದ್ದವು. ಒಂದು ಶುಂಠಿ ಪೆಪ್ಪರ್‌ಮೆಂಟಿನ ಡಬ್ಬಿ, ಇನ್ನೊಂದು ರಿವಾಲ್ವರ್. ಒಮ್ಮೆ ಇಬ್ಬರೂ ಏಲಕ್ಕಿ, ಗೋಡಂಬಿ ತರಲು ಸೌಕಾರ್‌ಪೇಟೆಗೆ ಬಸ್ಸಿನಲ್ಲಿ ಹೊರಟಿದ್ದೆವು. ನನಗೆ ಹೊಟ್ಟೆ ತೊಳೆಸಿದಂತಾಗಿ, ಅವರ ಚೀಲಕ್ಕೆ ಕೈಹಾಕಿ ಪೆಪ್ಪರ್‌ಮೆಂಟು ಹುಡುಕಿದೆ. ಕೈಗೆ ಸಿಕ್ಕಿದ್ದು ತಣ್ಣಗಿನ ಕಬ್ಬಿಣ. ಅಯ್ಯಯ್ಯೋ ಎಂದು ನಾನು ಕಿರುಚಿದ್ದಕ್ಕೆ ಡ್ರೈವರ್ ಬ್ರೇಕ್ ಹಾಕಿಬಿಟ್ಟ.

"ಎಂತಕ್ಕೆ ಬೊಬ್ಬೆ ಹೊಡಿತಿ ಮಾರಾಯ್ತಿ? ಅದು ಕಚ್ಚುದಿಲ್ಲ. ಲೈಸೆನ್ಸ್ ಉಂಟು," ಎಂದು ಅತ್ತೆ ಚೀಲವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬಸ್ಸಿನವರಿಗೆಲ್ಲ ಕೇಳುವಂತೆ ತಮಿಳಿನಲ್ಲಿ, ಸೊಸೆ ಚೀಲದಲ್ಲಿ ಜಿರಳೆ ಕಂಡಳು ಎಂದರು.

ವಡಪಳನಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿದೆ. ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದ ಮಾವ ಅದನ್ನು ಕಟ್ಟಿದರು. ಬೆಳಿಗ್ಗೆ ಮುರುಗನ ದರ್ಶನ ಮುಗಿಸಿ ಬಂದವರು, ಸ್ಟುಡಿಯೋದ ಲೈಟಿನವರು, ಮೇಕಪ್ಪಿನವರು ಎಲ್ಲರಿಗೂ ನಮ್ಮ ತುಪ್ಪದ ದೋಸೆಯೇ ಆಗಬೇಕು. ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬರುವ ಮೊದಲು ದಿನದ ವ್ಯಾಪಾರದ ಹಣವನ್ನೆಲ್ಲ ಮಾವ ಸ್ಕೂಟರಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ಒಂದು ಸಲ ಯಾರೋ ಅಡ್ಡಹಾಕಿ ಕಿತ್ತುಕೊಂಡು ಹೋದರು. ಆ ಕೋಪದಲ್ಲಿ ಅವರು ಅರ್ಜಿ ಹಾಕಿ, ಓಡಾಡಿ, ಲೈಸೆನ್ಸು ಪಡೆದು, ಅಂಗೈಯಗಲದ ಈ ರಿವಾಲ್ವರನ್ನು ಕೊಂಡರಂತೆ. ಮಾವ ಹೃದಯಾಘಾತದಲ್ಲಿ ಹೋದಾಗ ವಾರಸುದಾರಳೆಂದು ಅದು ಅತ್ತೆಯ ಹೆಸರಿಗೆ ಬಂತು. ಹೋಟೆಲೂ ಅವರ ತಲೆಗೆ ಬಂತು.

ನನ್ನ ಗಂಡ ವಿಮಾ ಕಂಪನಿಯ ಮನುಷ್ಯ. ಹಿಟ್ಟು ರುಬ್ಬುವ ಸದ್ದು ಕೇಳಿದರೇ ತಲೆನೋವು ಎನ್ನುವವರು. ನಾನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ರೈಲು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿದ್ದರು, ಮೂಲ ತುಮಕೂರು ಕಡೆ. ಹಾಗಾಗಿ ನಮ್ಮ ಮನೆಯಲ್ಲಿ ಎರಡು ಕನ್ನಡ. ನಾನು "ಏನತ್ತೆ" ಅಂದರೆ ಅವರು "ಎಂತ" ಅನ್ನುತ್ತಾರೆ, ನನ್ನ ಮಗಳು ಇಬ್ಬರಿಗೂ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹೋಟೆಲಿಗೆ ಬರುವಂತೆ ನನ್ನನ್ನು ಯಾರೂ ಕರೆದಿರಲಿಲ್ಲ. ಮಾವ ಹೋದ ಮೇಲೆ ಅತ್ತೆ ಒಬ್ಬರೇ ಒದ್ದಾಡುವುದನ್ನು ನೋಡಲಾರದೆ ಸೆರಗು ಸಿಕ್ಕಿಸಿಕೊಂಡು ಹೋದವಳು ಅಲ್ಲೇ ಉಳಿದೆ. ಅಡುಗೆಮನೆ, ಸಾಮಾನು, ಕೆಲಸದವರ ಜಗಳ ಎಲ್ಲ ನನ್ನದು. ಗಲ್ಲಾ ಮಾತ್ರ ಅತ್ತೆಯದು. ಅಲ್ಲಿ ನಾನು ಕೂತರೆ ಅವರ ಮುಖ ದಪ್ಪಗಾಗುತ್ತಿತ್ತು.

ರಿವಾಲ್ವರ್ ವಿಷಯದಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. ಒಯ್ಯಬಹುದು, ಊರಿಗೆಲ್ಲ ತೋರಿಸುತ್ತ ತಿರುಗಬಾರದು ಎಂಬುದು ಅವರಿಗೆ ಯಾವ ಅಧಿಕಾರಿಯೋ ಹೇಳಿಕೊಟ್ಟ ಪಾಠ. ಒಮ್ಮೆ ಪಕ್ಕದ ಸ್ಟುಡಿಯೋದಿಂದ ಪೊಲೀಸ್ ವೇಷದ ನಟನೊಬ್ಬ ಸೊಂಟಕ್ಕೆ ಆಟದ ಪಿಸ್ತೂಲು ಸಿಕ್ಕಿಸಿಕೊಂಡೇ ಪೊಂಗಲ್ ತಿನ್ನಲು ಬಂದ. ಅತ್ತೆ ಗಲ್ಲಾದಿಂದಲೇ ಅವನನ್ನು ಹತ್ತಿರ ಕರೆದು, ಲೈಸೆನ್ಸು ಎಲ್ಲಿ ಎಂದು ಕೇಳಿದರು. ಪಾಪ, ಅವನು ಬೆವತುಹೋಗಿ, "ಅಮ್ಮಾ, ಮರದ್ದು" ಎಂದು ಮೇಜಿನ ಮೇಲೆ ಬಡಿದು ತೋರಿಸಿದ. "ಹಾಗಾದ್ರೆ ಅಂಗಿಯ ಒಳಗೆ ಹಾಕು. ಮರ್ಯಾದಸ್ಥರು ಊಟ ಮಾಡುವ ಜಾಗ," ಎಂದು ಅವನಿಗೊಂದು ವಡೆ ಜಾಸ್ತಿ ಹಾಕಿಸಿದರು.

ಇಷ್ಟೆಲ್ಲ ಗತ್ತಿನ ಆ ರಿವಾಲ್ವರ್ ಎಂದೂ ಹಾರಿದ್ದಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ ಚೀಲದಿಂದ ಹೊರಗೆ ಬರುತ್ತಿತ್ತು. ಅಂದು ನಮ್ಮ ಹೋಟೆಲಿನಲ್ಲಿ ರುಬ್ಬುವ ಕಲ್ಲು, ದೋಸೆಯ ಕಾವಲಿ, ಸೌಟು, ತಕ್ಕಡಿ ಎಲ್ಲ ತೊಳೆದು ಸಾಲಾಗಿ ಇಡುತ್ತೇವೆ. ನಡುವೆ ಬಾಳೆಲೆ, ಅದರ ಮೇಲೆ ರಿವಾಲ್ವರ್. ಹೋಟೆಲಿನ ಯಜಮಾನರು ಮೊದಲ ಕುಂಕುಮವನ್ನು ಅದಕ್ಕೆ ಇಡಬೇಕು, ಉಳಿದದ್ದಕ್ಕೆಲ್ಲ ಆಮೇಲೆ. ಇದು ಮಾವ ಮಾಡಿಟ್ಟ ಕ್ರಮ.

ಮಾವನ ವರ್ಷಾಂತಿಕ ಕಳೆದ ಮೇಲೆ ಬಂದ ಮೊದಲ ಆಯುಧಪೂಜೆಗೆ ಅತ್ತೆಯ ಮೈದುನ ಊರಿನಿಂದ ಬಂದಿಳಿದರು. ಹೊಸ ಪಂಚೆ, ಭುಜದ ಮೇಲೆ ಶಲ್ಯ, ಬಾಯ್ತುಂಬ ಕನಿಕರ. ಗಂಡಸಿಲ್ಲದ ಗಲ್ಲಾ ನಡೆಯುವುದಿಲ್ಲ, ಇನ್ನು ತಾನೇ ನೋಡಿಕೊಳ್ಳುತ್ತೇನೆ ಎಂದರು. ಪೂಜೆಯ ಹೊತ್ತಿಗೆ ಕುಂಕುಮದ ಬಟ್ಟಲನ್ನು ತಾವೇ ಎತ್ತಿಕೊಂಡು, "ಅತ್ತಿಗೆ, ನೀವು ಆ ಕಡೆ ನಿಲ್ಲಿ. ನಿಮಗೆ ಇದು ಮುಟ್ಲಿಕ್ಕಿಲ್ಲವಲ್ಲ," ಎಂದರು. ವಿಧವೆ ಕುಂಕುಮ ಮುಟ್ಟುವುದೆಂದರೆ ನಮ್ಮವರಲ್ಲಿ ಆಗಲೂ ದೊಡ್ಡ ಮಾತೇ. ಅತ್ತೆ ಮೈದುನನ ಕೈಯಲ್ಲಿದ್ದ ಬಟ್ಟಲಿಗೇ ಉಂಗುರದ ಬೆರಳು ಅದ್ದಿ, ಬಗ್ಗಿ, ರಿವಾಲ್ವರಿನ ಹಿಡಿಗೆ ದೊಡ್ಡ ಬೊಟ್ಟು ಇಟ್ಟರು. ನಮ್ಮ ಹಿರಿಯ ಅಡುಗೆಭಟ್ಟರು ಮುಂದೆ ಬಂದು, "ಅಮ್ಮ, ಪ್ರಸಾದ," ಎಂದು ಅವರೆದುರು ಕೈಯೊಡ್ಡಿದರು. ಮೈದುನ ಆ ಸಂಜೆಯ ಬಸ್ಸಿಗೇ ಹೊರಟರು.

ಅಂದಿನಿಂದ ಆ ಬೊಟ್ಟು ಇಟ್ಟವರು ಯಾರೋ ಅವರೇ ಹೋಟೆಲಿನ ಯಜಮಾನರು. ಬೇರೆ ಯಾವ ಪತ್ರವೂ ಬೇಕಿರಲಿಲ್ಲ. ಅತ್ತೆಗೆ ಆ ರಿವಾಲ್ವರ್ ಏಕೆ ಬೇಕು ಎಂದು ಯಾರು ಎಷ್ಟೇ ನಕ್ಕರೂ ನಾನು ಮಾತ್ರ ನಗುತ್ತಿರಲಿಲ್ಲ.

ಈಗ ಎರಡು ವರ್ಷದ ಕೆಳಗೆ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿರುವವರೆಲ್ಲ ತಮ್ಮ ಆಯುಧವನ್ನು ಠಾಣೆಯಲ್ಲಿ ಇಟ್ಟು ರಸೀದಿ ಪಡೆಯಬೇಕು, ಮುಗಿದ ಮೇಲೆ ವಾಪಸು ತರಬೇಕು. ಅತ್ತೆ ಪ್ರತಿ ಸಲದಂತೆ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಬಾಲವಾಡಿಗೆ ಬಿಡುವವರಂತೆ ಹತ್ತು ಸಲ ಎಚ್ಚರಿಕೆ ಹೇಳಿ ಕೊಟ್ಟುಬಂದರು. ಆದರೆ ಈ ಸಲ ವಾಪಸು ತರಲು ಹೋದಾಗ ಲೈಸೆನ್ಸಿನ ಅವಧಿ ಮುಗಿದಿತ್ತು. ನವೀಕರಣ ಆಗುವ ತನಕ ಕೊಡುವಂತಿಲ್ಲ ಎಂದರು. ಆಗದೇ ಹೋದರೆ ಅದು ಸರಕಾರದ ಉಗ್ರಾಣಕ್ಕೆ ಹೋಗುತ್ತದೆ, ಮುಂದೊಂದು ದಿನ ಕರಗಿಸಿಬಿಡುತ್ತಾರೆ.

"ಕರಗಿಸುದಾ?" ಎಂದು ಅತ್ತೆ ಹೌಹಾರಿದರು. "ಆಯುಧಪೂಜೆಗೆ ಅದು ಎಲೆಯ ಮೇಲೆ ಇರ್ಬೇಕು. ಇಲ್ಲದಿದ್ರೆ ನಾನು ಗಲ್ಲಾದಲ್ಲಿ ಕೂತು ಪ್ರಯೋಜನ ಇಲ್ಲ."

ಶುರುವಾಯಿತು ನಮ್ಮ ಓಡಾಟ. ಠಾಣೆಯ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ಚುರುಕು, ನಮ್ಮ ರವೆ ದೋಸೆಯ ಭಕ್ತೆ, ಅತ್ತೆಯನ್ನು ಸ್ವಂತ ಅಜ್ಜಿಯೆಂಬಂತೆ ಪಾಟಿಮ್ಮಾ ಎಂದೇ ಕರೆಯುವವಳು. ನನ್ನ ಕೈಯಲ್ಲಿದ್ದರೆ ಈಗಲೇ ಕೊಡುತ್ತಿದ್ದೆ ಪಾಟಿಮ್ಮಾ, ನಾನು ಬರೀ ವರದಿ ಬರೆಯಬಹುದು, ಕೊಡುವವರು ಮೇಲಿನವರು ಎಂದಳು. ಮೇಲಿನ ಕಚೇರಿಯಲ್ಲಿ ಕೂತವರೂ ಸಂಭಾವಿತರೇ. ಠಾಣೆಯ ವರದಿ ಬರಲಿ ಎಂದರು. ವರದಿ ಬಂದ ಮೇಲೆ, ಇಷ್ಟು ಹಳೆಯ ಆಯುಧವಾದ್ದರಿಂದ ಸರಕಾರವನ್ನೂ ಒಂದು ಮಾತು ಕೇಳಬೇಕು ಎಂದರು. ಈಗ ಹಣವೆಲ್ಲ ಫೋನಿನಲ್ಲೇ ಬರುತ್ತದಲ್ಲ, ನಿಮಗೆ ಯಾರಿಂದ ಅಪಾಯ ಎಂಬ ಪ್ರಶ್ನೆಯೂ ಬಂತು.

"ನನ್ನ ಮೈದುನ ಇನ್ನೂ ಗಟ್ಟಿಮುಟ್ಟಾಗಿ ಇದ್ದಾನೆ ಅಂತ ಬರಿ," ಎಂದರು ಅತ್ತೆ ನನಗೆ.

ರಾತ್ರಿ ಊಟಕ್ಕೆ ಕೂತರೆ ಮನೆಯಲ್ಲಿ ಇದೇ ಚರ್ಚೆ. ನಾನು ಆ ಇನ್ಸ್‌ಪೆಕ್ಟರಮ್ಮನ ಪಕ್ಷ. "ಅತ್ತೆ ಎಂಥವರು ಅಂತ ಈ ಬೀದಿಯವರಿಗೆ ಗೊತ್ತು, ಆ ಠಾಣೆಯವರಿಗೆ ಗೊತ್ತು. ಎಲ್ಲೋ ಎತ್ತರದಲ್ಲಿ ಕೂತೋರಿಗೆ ಏನ್ ಗೊತ್ತಾಗತ್ತೆ? ಇಲ್ಲಿಯವರೇ ಕೊಡಲಿ, ಇಲ್ಲಿಯವರೇ ಕಿತ್ಕೊಳ್ಳಲಿ," ಎಂದೆ.

ನನ್ನ ಗಂಡ ಅನ್ನಕ್ಕೆ ಸಾರು ಕಲಸುತ್ತಾ ತಣ್ಣಗೆ ನಕ್ಕರು. "ನಿಮ್ಮ ದೋಸೆ ತಿಂದವರು ಲೈಸೆನ್ಸ್ ಕೊಟ್ರೆ ಅದು ಲೈಸೆನ್ಸ್ ಅಲ್ಲ, ದೋಸೆಯ ಋಣ. ನಾಳೆ ಈ ಹೆಂಗಸಿಗೆ ವರ್ಗ ಆಗ್ತದೆ. ಅವಳ ಜಾಗಕ್ಕೆ ಚಪಾತಿ ತಿನ್ನುವವ ಬರ್ತಾನೆ. ಅವ ಕೊಡುದಿಲ್ಲ ಅಂತಾನೆ. ಬೀದಿಗೊಂದು ಕಾನೂನು ಮಾಡ್ಲಿಕ್ಕೆ ಆಗ್ತದಾ? ಎಲ್ಲರಿಗೂ ಒಂದೇ ಅಳತೆ ಇರ್ಬೇಕಾದ್ರೆ ಅದು ಮೇಲಿನಿಂದಲೇ ಬರ್ಬೇಕು."

ಮಾತು ಸರಿಯಾಗೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ಮೇಲಿನೋರು ಬಂದು ನಿಮಗೆ ಬಡಿಸ್ಲಿ," ಎಂದು ಸಾರಿನ ಪಾತ್ರೆಯನ್ನು ಎತ್ತಿಟ್ಟೆ.

"ಇಬ್ಬರೂ ಸುಮ್ಮನಿರಿ, ಮಂಡೆ ಬೆಚ್ಚ ಆಗ್ತದೆ," ಎಂದರು ಅತ್ತೆ. "ನನ್ನ ಚೀಲದಲ್ಲಿ ಎಂತ ಇರ್ಬೇಕು ಅಂತ ಹೇಳ್ಲಿಕ್ಕೆ ಇವರೆಲ್ಲ ಯಾರು?" ಮೊಮ್ಮಗಳು ಊಟದ ತಟ್ಟೆಯಿಂದ ತಲೆಯೆತ್ತಿ, "ಪಾಟಿ, ನೀ ಡಾನಾ?" ಎಂದು ಕೇಳಿದ್ದಕ್ಕೆ ಅವರಿಗೇ ನಗು ತಡೆಯಲಾಗಲಿಲ್ಲ.

ನಗುತ್ತಲೇ ಅವರು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಆ ವಿಷಯ ಹೇಳಿಬಿಡುತ್ತೇನೆ. ಕೆಲವು ತಿಂಗಳಿಂದ ಅತ್ತೆಯ ಕೈ ನಡುಗುತ್ತಿತ್ತು. ಮೊದಮೊದಲು ಕಾಫಿ ಹಿಡಿದರೆ ಲೋಟವೂ ಅದರ ಕೆಳಗಿನ ಬಟ್ಟಲು ಡಬರಾವೂ ಕಟಕಟ ಎನ್ನುತ್ತಿದ್ದವು. "ಈ ಡಬರಾ ಸೊಟ್ಟ ಆಗಿದೆ, ಬದಲಾಯಿಸು," ಎಂದರು. ಬದಲಾಯಿಸಿದೆ. ಹೊಸದೂ ಕಟಕಟ ಎಂದಿತು. ಆಮೇಲೆ ಅವರು ಎಲ್ಲರೆದುರು ಕಾಫಿ ಕುಡಿಯುವುದನ್ನೇ ಬಿಟ್ಟರು. ಹಿಟ್ಟಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತು ಎರಡು ಗುಟುಕಿಗೆ ಮುಗಿಸಿ ಬರುತ್ತಿದ್ದರು. ನವೀಕರಣಕ್ಕೆ ಬೇಕಾದ ಕಾಗದಗಳಲ್ಲಿ ಡಾಕ್ಟರ ಸರ್ಟಿಫಿಕೇಟೂ ಒಂದು. ಕೇಳಿದಾಗಲೆಲ್ಲ "ಡಾಕ್ಟ್ರು ಊರಲ್ಲಿಲ್ಲ" ಎನ್ನುತ್ತಿದ್ದರು. ಆ ಡಾಕ್ಟರು ದಿನಾ ಬೆಳಿಗ್ಗೆ ನಮ್ಮಲ್ಲೇ ಉಪ್ಪಿಟ್ಟು ತಿನ್ನುತ್ತಾರೆ! ಅವರು ಒಳಗೆ ಬಂದ ಕೂಡಲೇ ಅತ್ತೆಗೆ ಹಿತ್ತಲಲ್ಲಿ ಏನೋ ಅವಸರದ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಠಾಣೆ, ಮೇಲಿನ ಕಚೇರಿ, ಸರಕಾರ ಎಂದು ಬಾಯ್ತುಂಬ ಬಯ್ಯುವಾಗ ಮಾತ್ರ ಅವರ ಮುಖದಲ್ಲಿ ಕಳೆ ಇರುತ್ತಿತ್ತು. ಇದು ಗೊತ್ತಿದ್ದೂ ಬಾಯಿಬಿಡಲು ನನಗೆ ಮನಸ್ಸೇ ಬರಲಿಲ್ಲ. ನಾನೂ ಸೇರಿಕೊಂಡು ಬಯ್ದೆ.

ಅಷ್ಟರಲ್ಲಿ ರಿವಾಲ್ವರಿನ ಪರೀಕ್ಷೆಯಾಯಿತು. ಆಯುಧ ಪರಿಶೀಲಿಸುವ ಒಬ್ಬರು ಠಾಣೆಗೆ ಬಂದಿದ್ದರು, ನಮ್ಮನ್ನೂ ಕರೆಸಿದ್ದರು. ಅವರು ಅದನ್ನು ಬಿಚ್ಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಬೆಳಕೇ ಕಾಣಲಿಲ್ಲ. ಸಣ್ಣ ಕಡ್ಡಿ ಹಾಕಿ ತಳ್ಳಿದರು. ಒಣಗಿದ ಗಂಧದ ಚಕ್ಕೆ ಉದುರಿತು. ಮತ್ತೆ ತಳ್ಳಿದರು. ಅಕ್ಷತೆ ಬಂತು. ಕೊನೆಗೆ ದಾಸವಾಳದ ಒಂದು ಎಸಳು, ಕಪ್ಪಗೆ ಸುರುಟಿಹೋದದ್ದು.

"ಕಡೆಯ ಸಲ ಹಾರಿಸಿದ್ದು ಯಾವಾಗ?" ಎಂದು ಅವರು ತಮಿಳಿನಲ್ಲಿ ಕೇಳಿದರು.

"ಹಾರಿಸುದಾ? ಪೂಜೆಯ ವಸ್ತುವನ್ನು ಯಾರಾದ್ರೂ ಹಾರಿಸ್ತಾರಾ?" ಅತ್ತೆ ತಾವು ಕನ್ನಡದಲ್ಲಿ ಮಾತಾಡುತ್ತಿದ್ದೇವೆ ಎಂಬುದನ್ನೇ ಮರೆತಿದ್ದರು. ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಾ, ಇದು ತುಪ್ಪಾಕಿ ಇಲ್ಲ, ಸಾಮಿ," ಎಂದು, ಅದು ಬಂದೂಕಲ್ಲ, ದೇವರೇ ಎಂದು ಕೈಮುಗಿದುಬಿಟ್ಟರು.

ಅದರಿಂದ ಹೊಸದೊಂದು ತಕರಾರು ಹುಟ್ಟಿತು. ಹಾರದ ಬಂದೂಕಿಗೆ ಲೈಸೆನ್ಸೇ ಏಕೆ ಬೇಕು, ಆಟದ ಸಾಮಾನು ಎಂದು ಬರೆದು ಮನೆಗೆ ಕಳಿಸಬಹುದಲ್ಲ ಎಂಬುದು ಇನ್ಸ್‌ಪೆಕ್ಟರಮ್ಮನ ವಾದ. ತೊಳೆದರೆ ಹಾರುತ್ತದೆ, ಆದ್ದರಿಂದ ಅದು ಆಯುಧವೇ ಎಂಬುದು ಮೇಲಿನವರ ಉತ್ತರ. ಅತ್ತೆಗೆ ಎರಡೂ ಕಡೆಯವರ ಮೇಲೆ ಕೋಪ. "ಇವಳು ಅದು ಆಯುಧವೇ ಅಲ್ಲ ಅಂತಾಳೆ, ಅವರು ಅದು ದೇವರೇ ಅಲ್ಲ ಅಂತಾರೆ. ಒಬ್ಬರಿಗೂ ಬುದ್ಧಿ ಇಲ್ಲ." ಮನೆಯಲ್ಲಿ ನನ್ನ ಗಂಡ, ದೋಸೆಯ ಋಣ ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು. ಈ ಸಲ ನಾನು ಸಾರಿನ ಪಾತ್ರೆಗೆ ಕೈಹಾಕಲಿಲ್ಲ.

ನವರಾತ್ರಿ ಬಂದೇಬಿಟ್ಟಿತು. ಬೊಂಬೆ ಕೂರಿಸಿದೆವು, ಚರ್ಪಿನ ತಿಂಡಿ ಹಂಚಿದೆವು, ಅತ್ತೆ ಮಾತ್ರ ಯಾವುದಕ್ಕೂ ಕೈಹಾಕದೆ ಗಲ್ಲಾದ ಹಿಂದೆ ಸುಮ್ಮನೆ ಕೂತಿರುತ್ತಿದ್ದರು. ಸುಮ್ಮನೆ ಕೂರುವ ಅತ್ತೆಯನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ, ಮನಸ್ಸು ತಡೆಯದೆ ನಾನೊಬ್ಬಳೇ ಠಾಣೆಗೆ ಹೋದೆ. ಮೈದುನ, ಕುಂಕುಮ, ಪ್ರಸಾದ ಎಲ್ಲವನ್ನೂ ಇನ್ಸ್‌ಪೆಕ್ಟರಮ್ಮನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವಳು ನೀರು ಕೊಟ್ಟಳು.

"ರಿವಾಲ್ವರ್ ಹೊರಗೆ ಹೋಗಬೇಕಾದರೆ ಮೇಲಿನವರ ಆರ್ಡರ್ ಬೇಕು," ಎಂದಳು ತಮಿಳಿನಲ್ಲಿ. "ಪಾಟಿಮ್ಮಾ ಒಳಗೆ ಬರಲು ಯಾರ ಆರ್ಡರ್ ಬೇಕು? ನಾಳೆ ನಮ್ಮಲ್ಲೂ ಪೂಜೆ ಇದೆಯಲ್ಲ ಅಕ್ಕಾ."

ಮರುದಿನ ಬೆಳಿಗ್ಗೆ ನಾವೆಲ್ಲ ಮೆರವಣಿಗೆ ಹೊರಟೆವು. ಮುಂದೆ ಅಡುಗೆಭಟ್ಟರು ಪಂಚಕಜ್ಜಾಯದ ಪಾತ್ರೆ ಹೊತ್ತು, ಹಿಂದೆ ನನ್ನ ಗಂಡ ಬಾಳೆಕಂದು ಹಿಡಿದು, ನಡುವೆ ಅತ್ತೆ ಹಸಿರು ಪಟ್ಟೆಸೀರೆಯಲ್ಲಿ. ಠಾಣೆಯ ತುಂಬ ಸಾಂಬ್ರಾಣಿ ಹೊಗೆ. ಲಾಠಿಗಳಿಗೆ ಸಾಲಾಗಿ ವಿಭೂತಿಪಟ್ಟೆ, ವೈರ್‌ಲೆಸ್ಸಿನ ಹಣೆಗೆ ಕುಂಕುಮ, ಜೀಪಿನ ಚಕ್ರದ ಕೆಳಗೆ ನಿಂಬೆಹಣ್ಣು, ತಟ್ಟೆಗಳಲ್ಲಿ ಪುರಿ, ಕಡಲೆ. ದೊಡ್ಡ ಮೇಜಿನ ನಡುವೆ ಒಂದು ಬಾಳೆಲೆ. ಅದರ ಮೇಲೆ ಒರೆಸಿ, ಎಣ್ಣೆ ಹಾಕಿ, ಫಳಫಳ ಹೊಳೆಯುತ್ತಿದ್ದ ನಮ್ಮ ರಿವಾಲ್ವರ್. ಅತ್ತೆ ಅದನ್ನು ಕಂಡದ್ದೇ, "ನೋಡು, ಸೊರಗಿದೆ," ಎಂದರು.

ಇನ್ಸ್‌ಪೆಕ್ಟರಮ್ಮ ಕುಂಕುಮದ ಬಟ್ಟಲನ್ನು ಅತ್ತೆಗೇ ಮೊದಲು ಹಿಡಿದಳು. ಠಾಣೆಯವರು, ನಮ್ಮವರು ಎಲ್ಲರೂ ಸುತ್ತ ನಿಂತಿದ್ದೆವು. ಅತ್ತೆ ಉಂಗುರದ ಬೆರಳು ಅದ್ದಿ ಎತ್ತಿದರು. ಕೈ ನಡುಗಿತು. ಹಿಡಿಯ ಮೇಲೆ ಬೀಳಬೇಕಾದ ಕುಂಕುಮ ಎಲೆಯ ಮೇಲೆಲ್ಲ ಉದುರಿತು. ಇನ್ನೊಮ್ಮೆ ಅದ್ದಿದರು. ಈ ಸಲ ಮೇಜಿನ ಮೇಲೆ ಬಿತ್ತು. ಎಲ್ಲರೂ ನೋಡಿದರು. ನನಗೆ ಓಡಿಹೋಗಿ ಆ ಕೈ ಮುಚ್ಚಿಬಿಡೋಣ ಅನ್ನಿಸಿತು.

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ತಿರುಗಿ, ನನ್ನ ಮಣಿಕಟ್ಟನ್ನು ಗಬಕ್ಕನೆ ಹಿಡಿದು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ನೀನು ಇಡು."

"ಅತ್ತೆ, ನಾನಾ? ಬೇಡ ಅತ್ತೆ, ನೀವೇ..."

"ಇಡು ಅಂದೆ. ಇಷ್ಟು ವರ್ಷ ಹಿಟ್ಟಿನ ಕೋಣೆಯಲ್ಲಿ ಸತ್ತದ್ದು ಯಾರು, ನನ್ನ ಮೈದುನನಾ?" ಆಮೇಲೆ ಇನ್ಸ್‌ಪೆಕ್ಟರಮ್ಮನಿಗೆ ತಮಿಳಿನಲ್ಲಿ, ಇನ್ನು ಡಾಕ್ಟರು ಊರಿಗೆ ಬರುವುದನ್ನು ಕಾಯುವುದು ಬೇಡ, ಸೊಸೆಯ ಹೆಸರಿಗೆ ಅರ್ಜಿ ಬರೆದುಕೊಳ್ಳಿ, ಮೇಲಿನವರು ಎಷ್ಟು ವರ್ಷ ಬೇಕಾದರೂ ಯೋಚನೆ ಮಾಡಲಿ, ಅವಳಿಗೆ ವಯಸ್ಸಿದೆ ಎಂದರು.

ನಾನು ಬೆರಳು ಅದ್ದಿದೆ. ಕಣ್ಣು ಮಂಜಾಗಿ ರಿವಾಲ್ವರ್ ಎಲ್ಲಿದೆ ಎಂದೇ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಗಡಗಡ ಎನ್ನುತ್ತಿತ್ತು.

"ನಿಂಗೂ ನಡುಗ್ತದಾ? ಡಾಕ್ಟ್ರು ಕಂಡ್ರೆ ಕಥೆ ಮುಗೀತು!" ಎಂದರು ಅತ್ತೆ. ಠಾಣೆಯವರಿಗೆ ಕನ್ನಡ ಬಾರದಿದ್ದರೂ ಅವರೂ ನಕ್ಕರು. ನಗುವಿನ ನಡುವೆ ನಾನು ಹಿಡಿಯ ಮೇಲೆ ಬೊಟ್ಟು ಇಟ್ಟೆ. "ನಳಿಗೆಯ ಒಳಗೆ ಹಾಕ್ಬೇಡ, ಈಗಷ್ಟೇ ತೊಳೆದದ್ದು," ಎಂದು ಅವರು ಕಿವಿಯಲ್ಲಿ ಹೇಳಿದರು. ಅಡುಗೆಭಟ್ಟರು ಮುಂದೆ ಬಂದು ನನ್ನೆದುರು ಕೈಯೊಡ್ಡಿದರು.

ಆಮೇಲೆ ಠಾಣೆಯವರು ಎಲ್ಲರಿಗೂ ಕಾಫಿ ತರಿಸಿದರು. ಅತ್ತೆ ಬೇಡ ಅನ್ನುತ್ತಾರೆ ಎಂದುಕೊಂಡು ನಾನು ಅವರ ಪಾಲನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ನನ್ನ ಕೈಯನ್ನು ಸರಿಸಿ, ತಾವೇ ತೆಗೆದುಕೊಂಡು, ಇನ್ಸ್‌ಪೆಕ್ಟರಮ್ಮನ ಕುರ್ಚಿಯಲ್ಲಿ ಆರಾಮಾಗಿ ಕೂತು, ಲೋಟವನ್ನೂ ಡಬರಾವನ್ನೂ ಕಟಕಟ ಅನ್ನಿಸುತ್ತಾ ಎಲ್ಲರೆದುರು ಕೊನೆಯ ಗುಟುಕಿನ ತನಕ ಕುಡಿದರು.

"ಎಂತ ಸಪ್ಪೆ ಕಾಫಿ ಮಾರಾಯ್ತಿ," ಎಂದರು ನನಗೆ. "ನಾಳೆಯಿಂದ ಇವರಿಗೆ ನಿನ್ನ ಹೋಟೆಲಿನಿಂದ ಕಳಿಸು."